ಹಳಿ ಬೆಸೆದ ರಾತ್ರಿ

ಕೆಂಗೇರಿ ಕಡೆ ನಮ್ಮ ಮನೆ ಕಾಂಪೌಂಡಿನಾಚೆಗೇ ರೈಲು ಹಳಿ. ಒಂದು ರಾತ್ರಿ ಬ್ಲಾಕ್ ಪಡೆದು, ಅಂದರೆ ಕೆಲಹೊತ್ತು ರೈಲು ಓಡಾಟ ನಿಲ್ಲಿಸಿ, ಗ್ಯಾಂಗಿನವರು ಹಳಿ ಬೆಸೆಯಲು ಬಂದರು. ಲೋಹವಿಜ್ಞಾನ ಓದುತ್ತಿರುವ ಅಣ್ಣನ ಮಗಳು ನಮ್ಮಲ್ಲೇ ಇದ್ದಳು. ಇಬ್ಬರೂ ಗೋಡೆಗೆ ಒರಗಿ ನೋಡುತ್ತ ನಿಂತೆವು.

ಹಳಿಗಳ ನಡುವಿನ ಸಂದಿಗೆ ಅಚ್ಚು ಕಟ್ಟಿದರು, ಮರಳು ಮೆತ್ತಿದರು, ತುದಿಗಳನ್ನು ಕೆಂಪಗೆ ಕಾಯಿಸಿದರು. ಆಮೇಲೆ ಮೂಸೆ ಬಂತು. ಒಳಗೆ ಕಬ್ಬಿಣದ ಆಕ್ಸೈಡು, ಅಲ್ಯೂಮಿನಿಯಂ ಬೆರೆಸಿದ ಥರ್ಮೈಟ್ ಎಂಬ ಪುಡಿ. ಅದಕ್ಕೆ ಬೆಂಕಿ ಮುಟ್ಟಿಸಿದ್ದು ಸುರುಸುರು ಬತ್ತಿಯಂಥದ್ದೇ ಒಂದು ಕಡ್ಡಿಯಿಂದ!

"ಬರಿಗಣ್ಣಲ್ಲಿ ನೋಡ್ಬೇಡಿ ಸಾರ್!" ಮೇಸ್ತ್ರಿ ಕೂಗಿದರು. ಅಷ್ಟರಲ್ಲಿ ಬೀದಿಯೆಲ್ಲ ಬೆಳ್ಳಗಾಗಿತ್ತು. ಅರ್ಧ ನಿಮಿಷದೊಳಗೆ ಮೂಸೆಯ ತಳದ ಬಿರಡೆ ತಾನೇ ಕರಗಿ ಉಕ್ಕು ಅಚ್ಚಿಗಿಳಿಯಿತು.

"ಈ ಬೆಂಕಿಗೆ ಗಾಳಿ ಬೇಡ ಚಿಕ್ಕಪ್ಪ, ಆಮ್ಲಜನಕ ಪುಡಿಯೊಳಗೇ ಇದೆ" ಅಂದಳು.

"ಹಾಗಾದ್ರೆ ಮೇಲಿಂದ ಹಚ್ಚಿದ್ರೂ ಕೆಳಗಿಂದ ಹಚ್ಚಿದ್ರೂ ಒಂದೇ ಅಲ್ವಾ?"

ಅವಳು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಉರಿ ಕಣದಿಂದ ಕಣಕ್ಕೆ ದಾಟುವುದಷ್ಟೇ ಆದರೆ ಗುರುತ್ವಕ್ಕೆ ಅಲ್ಲಿ ಹೆಚ್ಚು ಕೆಲಸವಿಲ್ಲವಂತೆ. 1967ರಲ್ಲಿ ಸೋವಿಯತ್ ರಷ್ಯಾದಲ್ಲಿ ಮೆರ್ಜಾನೊವ್ ತಂಡ ಟೈಟಾನಿಯಂ-ಬೋರಾನ್ ಪುಡಿಯಲ್ಲಿ ಕಂಡ 'ಘನ ಜ್ವಾಲೆ' ಅಂಥದ್ದು. ಅಲ್ಲಿ ಉತ್ಪನ್ನ ಘನವಾಗಿಯೇ ಉಳಿಯುತ್ತದೆ. ಆದರೆ ಕರಗಿತೋ, ಲೆಕ್ಕ ಬೇರೆ. ಬಿಸಿ ದ್ರವ ಇನ್ನೂ ಉರಿಯದ ಪುಡಿಯೊಳಗೆ ಇಳಿದು ತನ್ನ ಜೊತೆ ಶಾಖ ಒಯ್ಯುತ್ತದೆ, ಅನಿಲದ ಗುಳ್ಳೆ ಮೇಲೇಳುತ್ತದೆ. ಈಗ ಮೇಲಿಂದ ಹಚ್ಚಿದ್ದಕ್ಕೂ ಕೆಳಗಿಂದ ಹಚ್ಚಿದ್ದಕ್ಕೂ ಉರಿಯ ವೇಗ ಒಂದೇ ಇರಬೇಕೆಂದಿಲ್ಲ. ಥರ್ಮೈಟಿನಲ್ಲಿ ತಾಪ 2000 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬೇರ್ಪಟ್ಟ ಕಬ್ಬಿಣ, ಅದರ ಆಮ್ಲಜನಕ ಕಸಿದ ಅಲ್ಯೂಮಿನಿಯಂನಿಂದಾದ ಅಲ್ಯೂಮಿನಾ ಎರಡೂ ದ್ರವ. ಭಾರದ ಕಬ್ಬಿಣ ತಳಕ್ಕೆ, ಹಗುರ ಅಲ್ಯೂಮಿನಾ ಕಿಟ್ಟವಾಗಿ ಮೇಲಕ್ಕೆ, ಮಜ್ಜಿಗೆ ಮೇಲೆ ಬೆಣ್ಣೆ ತೇಲಿದ ಹಾಗೆ. ಜಪಾನಿನ ಒಡವಾರಾ ಎಂಬವರು ಇದನ್ನೇ ಗಿರಗಿರ ತಿರುಗುವ ಕೊಳವೆಯೊಳಗೆ ಮಾಡಿದರಂತೆ: ಕಬ್ಬಿಣ ಹೊರಗೋಡೆಗೆ ಒತ್ತಿಕೊಂಡು, ಒಳಮೈಗೆ ಪಿಂಗಾಣಿಯಂಥ ಅಲ್ಯೂಮಿನಾ ಪದರ. ನನಗೆ ಹಳಿಗಿಂತ ಆ ಕೊಳವೆಯೇ ಹೆಚ್ಚು ಹಿಡಿಸಿತು.

ಹೆಚ್ಚಾದ ಲೋಹ ಕತ್ತರಿಸಿ ತೆಗೆಯುತ್ತಿದ್ದ ಮೇಸ್ತ್ರಿ ಇದನ್ನೆಲ್ಲ ಕೇಳಿಸಿಕೊಂಡಿದ್ದರು. "ಕಿಟ್ಟ ಒಳಗೇ ಉಳಿದ್ರೆ ಜಾಯಿಂಟು ಕೆಟ್ಟಂಗೇ" ಅಂದರು.

"ಬಾಹ್ಯಾಕಾಶದಲ್ಲಿ ಹಾಗೇ ಆಗುತ್ತೆ. ತೂಕ ಇಲ್ಲ, ಕಿಟ್ಟ ತಾನಾಗಿ ತೇಲಿ ಬರಲ್ಲ."

"ಅಲ್ಲಿ ರೈಲೂ ಓಡಲ್ವಲ್ಲಮ್ಮ" ಎಂದು, ಬ್ಲಾಕ್ ಮುಗಿಯುವ ಹೊತ್ತಾಯಿತೆಂದು ಹುಡುಗರನ್ನು ಗದರಿಸಿ ಗ್ರೈಂಡರ್ ಚಾಲೂ ಮಾಡಿಸಿದರು.