ಹಳೇ ಬ್ಯಾರಲ್ ಬೇರೆ ಆಕ್ಷನ್ನಿಗೆ ಕೂರಬೇಕಾದರೆ

ಬಿಚ್ಚಿದ ರೈಫಲ್ ಬ್ಯಾರಲ್ ಒಂದನ್ನು ತಂದು ಕೌಂಟರ್ ಮೇಲೆ ಇಟ್ಟವರು ಕೇಳುವುದು ಒಂದೇ ಪ್ರಶ್ನೆ: ಇದನ್ನು ನನ್ನ ಇನ್ನೊಂದು ಆಕ್ಷನ್ನಿಗೆ (ಬ್ಯಾರಲ್ಲಿನ ಹಿಂದೆ ಕೂತು ತೋಟಾ ತುಂಬಿಸಿ ಹಾರಿಸುವ ಯಂತ್ರಭಾಗಕ್ಕೆ) ಕೂರಿಸಿಕೊಡುತ್ತೀರಾ? ತುಂಬಾ ಸಲ ಆಗುತ್ತದೆ. ಆದರೆ ಆಗುತ್ತದೋ ಇಲ್ಲವೋ ಅನ್ನುವುದು ಲೇತ್ ಆನ್ ಮಾಡುವ ಮೊದಲೇ ಗೊತ್ತಾಗಬೇಕು. ಹಿಂದಿನ ತುದಿಯಿಂದ ಎಷ್ಟು ಕತ್ತರಿಸಿ ಬಿಸಾಡಬೇಕು, ಬಿಸಾಡಿದ ಮೇಲೆ ಹೊಸ ಥ್ರೆಡ್ಡಿಗೆ ಸಾಕಾಗುವಷ್ಟು ದಪ್ಪ ಅಲ್ಲಿ ಉಳಿಯುತ್ತಾ? ಈ ಎರಡಕ್ಕೆ ಉತ್ತರ ಸಿಗದೆ ನಾವು ಕೆಲಸ ಒಪ್ಪಿಕೊಳ್ಳುವುದಿಲ್ಲ.

ನಾನು ಬೆಂಗಳೂರಿನ ಟೂಲ್ ರೂಮಿನಲ್ಲಿ ಕೆಲಸ ಕಲಿತವನು. ಈಗ ಅಮೆರಿಕದ ಮೊಂಟಾನಾದಲ್ಲಿ ಒಂದು ಸಣ್ಣ ಗನ್‌ಸ್ಮಿತ್ ಅಂಗಡಿಯಲ್ಲಿ ಲೇತ್ ನೋಡಿಕೊಳ್ಳುತ್ತೇನೆ. ಜಿಂಕೆ, ಎಲ್ಕ್ ಬೇಟೆಯ ಸೀಸನ್ ಹತ್ತಿರ ಬಂದಂತೆ ಇಂಥ ಕೆಲಸ ಜಾಸ್ತಿ. ಈಚೆಗೆ ಬಂದಿದ್ದು ರೆಮಿಂಗ್ಟನ್ 700ರಿಂದ ಬಿಚ್ಚಿದ ದಪ್ಪ ಬ್ಯಾರಲ್, .308 ವಿಂಚೆಸ್ಟರ್ ತೋಟಾದ್ದು. ಅದು ಸ್ಯಾವೇಜ್ 110 ಆಕ್ಷನ್ನಿಗೆ ಹೋಗಬೇಕಿತ್ತು. ಎರಡೂ ಬೋಲ್ಟ್ ಆಕ್ಷನ್ (ಹಿಂಬದಿ ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ಬಗೆ), ತೋಟಾ ಕೂಡ ಅದೇ. ಹಾಗಾಗಿ ಥ್ರೆಡ್ ಬದಲಾಯಿಸಿದರೆ ಸಾಕಲ್ವಾ ಅಂತ ಗಿರಾಕಿ ಕೇಳಿದರು. ಕೇಳುವುದು ಸಹಜ.

ಆದರೆ ಥ್ರೆಡ್ಡಿನಲ್ಲೇ ಗಂಟು ಇರುವುದು. ರೆಮಿಂಗ್ಟನ್‌ನದು 1.0625 ಇಂಚು ವ್ಯಾಸ, ಇಂಚಿಗೆ 16 ಥ್ರೆಡ್. ಸ್ಯಾವೇಜ್‌ನ ಸಣ್ಣ ಶ್ಯಾಂಕ್ (ಬ್ಯಾರಲ್ಲಿನ ಥ್ರೆಡ್ ಹಾಕುವ ಹಿಂದಿನ ತುದಿ) 1.055 ಇಂಚು, ಇಂಚಿಗೆ 20. ನೋಡಲು ಬರೀ ಏಳೂವರೆ ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು) ವ್ಯತ್ಯಾಸ, ಸ್ವಲ್ಪ ಟರ್ನ್ ಮಾಡಿ ಹೊಸ ಥ್ರೆಡ್ ಹಾಕಿಬಿಡಬಹುದು ಅನ್ನಿಸುತ್ತದೆ. ಆಗಲ್ಲ. 16ರ ಥ್ರೆಡ್ ದೊಡ್ಡದು, ಅದರ ತಳ 20ರ ಥ್ರೆಡ್ಡಿನ ತಳಕ್ಕಿಂತ ಕೆಳಗೆ ಹೋಗಿರುತ್ತದೆ. ಅದರ ಮೇಲೆ ಹೊಸದನ್ನು ಕತ್ತರಿಸಿದರೆ ಹಳೇ ಗೀರು ಅಡ್ಡಡ್ಡ ಉಳಿದು, ಎಲ್ಲೆಲ್ಲೋ ಅರ್ಧ ಹಲ್ಲು ನಿಲ್ಲುತ್ತದೆ. .308ರ ಒತ್ತಡಕ್ಕೆ ಅಮೆರಿಕದ ಬಂದೂಕು, ತೋಟಾ ತಯಾರಕರ ಸಾಮಿ (SAAMI) ಸಂಸ್ಥೆ ಇಟ್ಟಿರುವ ಮಿತಿ ಚದರ ಇಂಚಿಗೆ 62,000 ಪೌಂಡ್. ಅರ್ಧ ಹಲ್ಲಿನ ಮೇಲೆ ಅದನ್ನು ಹೊರಿಸುವವನು ಗನ್‌ಸ್ಮಿತ್ ಅಲ್ಲ.

ಇನ್ನೂ ಇದೆ. ರೆಮಿಂಗ್ಟನ್ ಬ್ಯಾರಲ್ಲಿನ ಹಿಂಬದಿಯಲ್ಲಿ ಬೋಲ್ಟಿನ ಮೂತಿ ಕೂರಲು ಒಂದು ಗುಳಿ ಕೊರೆದಿರುತ್ತಾರೆ. ಸ್ಯಾವೇಜ್‌ಗೆ ಆ ಗುಳಿ ಬೇಡ. ಹಳೇ ವಿಂಚೆಸ್ಟರ್ 70 ರೈಫಲ್ ಆಗಿದ್ದರೆ ಹಿಂಬದಿ ಆಲಿಕೆಯ ಬಾಯಿಯಂತೆ ಒಳಕ್ಕೆ ಇಳಿಜಾರಾಗಿರಬೇಕು, ಪಕ್ಕದಲ್ಲಿ ಎಕ್ಸ್‌ಟ್ರ್ಯಾಕ್ಟರ್‌ಗೆ (ಖಾಲಿ ತೋಟಾ ಹಿಡಿದೆಳೆಯುವ ಕೊಕ್ಕೆಗೆ) ಜಾಗ ಬೇರೆ ಬಿಡಬೇಕು. ಒಂದು ಆಕ್ಷನ್ನಿಗೆ ಸರಿಯಾಗಿದ್ದ ಹಿಂಬದಿ ಇನ್ನೊಂದರಲ್ಲಿ ತೋಟಾದ ಹಿತ್ತಾಳೆಗೆ ಆಸರೆಯೇ ಕೊಡದಿರಬಹುದು. ಹಾಗಾಗಿ ಹಳೇ ಥ್ರೆಡ್, ಹಳೇ ಗುಳಿ, ಅದರ ಜೊತೆ ಹಳೇ ಚೇಂಬರಿನ (ತೋಟಾ ಕೂರುವ ಕೋಣೆಯ) ದೊಡ್ಡ ಭಾಗ, ಎಲ್ಲ ಒಟ್ಟಿಗೆ ಹೋಗಬೇಕು. ಇಂಥ ಬ್ಯಾರಲ್ಲಿನಲ್ಲಿ ಒಂದು ಇಂಚು ಹೋಯಿತು ಅಂತಲೇ ಲೆಕ್ಕ.

ಈ ಬ್ಯಾರಲ್ ದಪ್ಪದ್ದು, ಹಿಂದುಗಡೆ ಬಹಳ ದೂರ ಒಂದೇ ಗಾತ್ರ ಇತ್ತು. ಅದಕ್ಕೇ ಒಪ್ಪಿಕೊಂಡೆವು. ಸಪೂರ ಬೇಟೆ ಬ್ಯಾರಲ್ ಆಗಿದ್ದರೆ ಹಿಂದಿನ ದಪ್ಪ ಭಾಗ ಬೇಗ ಮುಗಿದು ಇಳಿಜಾರು ಶುರುವಾಗುತ್ತದೆ. ಅಲ್ಲಿ ಕತ್ತರಿಸುತ್ತಾ ಹೋದರೆ ಥ್ರೆಡ್ಡಿಗೆ ಬೇಕಾದ ವ್ಯಾಸವೇ ಸಿಗುವುದಿಲ್ಲ. ಸ್ಯಾವೇಜ್‌ನಲ್ಲಿ ಇದು ಇನ್ನೂ ಕಷ್ಟ, ಯಾಕೆಂದರೆ ಬ್ಯಾರಲ್ಲನ್ನು ಆಕ್ಷನ್ನಿಗೆ ಬಿಗಿ ಮಾಡುವ ನಟ್ ಓಡಾಡಲು ಥ್ರೆಡ್ ಉದ್ದವಾಗಿಯೇ ಬೇಕು. ಅಂಥ ಬ್ಯಾರಲ್ ತಂದವರಿಗೆ ಹೊಸದನ್ನೇ ತಗೊಳ್ಳಿ ಅಂತ ಹೇಳಿ ಕಳಿಸುತ್ತೇವೆ.

ಕತ್ತರಿಸಿದರೆ ಒಂದು ಲಾಭವೂ ಇದೆ. ಹೆಚ್ಚು ಗುಂಡು ಹಾರಿಸಿದ ಬ್ಯಾರಲ್ಲಿನಲ್ಲಿ ಮೊದಲು ಸವೆಯುವುದು ಚೇಂಬರಿನ ಎದುರಿಗಿರುವ ಥ್ರೋಟ್, ಅಂದರೆ ಗುಂಡು ಬ್ಯಾರಲ್ಲಿನ ಒಳಗೀರುಗಳಿಗೆ ಹೊಕ್ಕುವ ಜಾಗ. ಬೋರ್‌ಸ್ಕೋಪ್ ಹಾಕಿ ನೋಡಿದರೆ ಕೆರೆಯ ಒಣಗಿದ ತಳದ ಹಾಗೆ ಬಿರುಕು ಬಿಟ್ಟಿರುತ್ತದೆ. ಒಂದು ಇಂಚು ಹಿಂದಿನಿಂದ ಹೋದರೆ ಆ ಭಾಗ ಹೊಸ ಚೇಂಬರಿನ ಒಳಗೆ ಸೇರಿ ರೀಮರಿಗೆ (ಚೇಂಬರ್ ಕೊರೆಯುವ ಉಪಕರಣಕ್ಕೆ) ಸಿಕ್ಕಿ ಹೋಗುತ್ತದೆ, ಥ್ರೋಟ್ ಒಳ್ಳೆ ಲೋಹಕ್ಕೆ ಬರುತ್ತದೆ. ಬಿರುಕು ಅದಕ್ಕೂ ಮುಂದೆ ಹೋಗಿದ್ದರೆ ಮಾತ್ರ ನಾವು ಮುಟ್ಟುವುದಿಲ್ಲ.

ಹಾಗಿದ್ದರೆ ಕತ್ತರಿಸುವ ಬದಲು ಇನ್ನೂ ಉದ್ದದ ತೋಟಾಗೆ ರೀಮ್ ಮಾಡಿ ಅನ್ನುವವರಿದ್ದಾರೆ. .308 ಬಂದಿದ್ದು 1952ರಲ್ಲಿ, .30-06 ಬಂದಿದ್ದು 1906ರಲ್ಲಿ. ಎರಡರ ಗುಂಡಿನ ವ್ಯಾಸ ಒಂದೇ, ಬುಡದ ಅಳತೆಯೂ ಒಂದೇ, .30-06 ಉದ್ದ. ಉದ್ದದ್ದು ಗಿಡ್ಡದ್ದನ್ನು ನುಂಗಬೇಕಲ್ವಾ? ನುಂಗುವುದಿಲ್ಲ. .30-06ರ ಮೈ ಜಾಸ್ತಿ ಇಳಿಜಾರು. .308ರ ಭುಜ (ತೋಟಾ ಕುತ್ತಿಗೆಯ ಕಡೆ ಸಪೂರವಾಗುವ ಜಾಗ) ಎಲ್ಲಿ ಬರುತ್ತದೋ ಅಲ್ಲಿ .308 ಸುಮಾರು .454 ಇಂಚು, .30-06 ಸುಮಾರು .447. ರೀಮರ್ ಆ ಜಾಗ ತಲುಪಿದಾಗ ಗಾಳಿಯಲ್ಲಿ ತಿರುಗುತ್ತದೆ, ಅಲ್ಲೊಂದು ಹಳೇ ಬಳೆ ಉಳಿದುಬಿಡುತ್ತದೆ. ಗುಂಡು ಹಾರಿಸಿದರೆ ಹಿತ್ತಾಳೆ ಆ ಬಳೆಗೆ ಉಬ್ಬಿ ಕೂರುತ್ತದೆ. ಹೊಸ ತೋಟಾದ ಡ್ರಾಯಿಂಗನ್ನು ಹಳೆಯದರ ಮೇಲಿಟ್ಟು ಪ್ರತಿ ಜಾಗದಲ್ಲೂ ಅಳತೆ ನೋಡದೆ ಯಾವ ರೀಮರನ್ನೂ ಕೈಗೆ ತೆಗೆದುಕೊಳ್ಳಬಾರದು ಅನ್ನುವುದು ನಮ್ಮ ಅಂಗಡಿಯಲ್ಲಿ ಕಟ್ಟುನಿಟ್ಟು.

ಲೇತ್ ಮೇಲಿನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೋರ್ ಡಯಲ್ ಮಾಡುವುದು, ಅಂದರೆ ಬ್ಯಾರಲ್ಲಿನ ಒಳತೂತನ್ನು ಲೇತಿನ ಸೆಂಟರಿಗೆ ತರುವುದು. ಬ್ಯಾರಲ್ಲಿನ ಹೊರಮೈ ಹಿಡಿದು ಲೇತಿನ ಚಕ್‌ಗೆ ಕಟ್ಟಿದರೆ ಹೊರಮೈ ಸೆಂಟರ್ ಆಗುತ್ತದೆ, ಒಳಗಿನ ತೂತು ಆಗುವುದಿಲ್ಲ. ತೂತು ಯಾವ ಬ್ಯಾರಲ್ಲಿನಲ್ಲೂ ಪೂರ್ತಿ ನೇರ ಇರುವುದಿಲ್ಲ. ಅದಕ್ಕೆ ಬ್ಯಾರಲ್ಲನ್ನು ಸ್ಪಿಂಡಲ್ ಒಳಗೆ ತೂರಿಸಿ, ಆ ಕಡೆ ತುದಿಗೆ ನಾಲ್ಕು ಬೋಲ್ಟಿನ ಸ್ಪೈಡರ್ ಕೊಟ್ಟು, ಈ ಕಡೆ ಉದ್ದ ಮೂತಿಯ ಇಂಡಿಕೇಟರನ್ನು ಥ್ರೋಟ್ ಬರುವ ಜಾಗಕ್ಕೇ ಇಳಿಸಿ, ಒಮ್ಮೆ ಈ ಬೋಲ್ಟು ಒಮ್ಮೆ ಆ ಬೋಲ್ಟು ಅಂತ ಕೂದಲೆಳೆಯಷ್ಟು ತಿರುಗಿಸುತ್ತಾ ಮುಳ್ಳು ಅಲುಗಾಡದ ಹಾಗೆ ಮಾಡಬೇಕು. ಇದಕ್ಕೆ ಟೈಮ್ ಹಿಡಿಯುತ್ತದೆ, ಹಿಡಿಯಲಿ. ಆಮೇಲೆ ಥ್ರೆಡ್, ಚೇಂಬರ್ ಎರಡನ್ನೂ ಅದೇ ಸೆಟ್ಟಿಂಗಿನಲ್ಲಿ, ಬ್ಯಾರಲ್ ಬಿಚ್ಚದೆ ಮುಗಿಸುತ್ತೇವೆ. ಬಿಚ್ಚಿ ಮತ್ತೆ ಕಟ್ಟಿದರೆ ಎರಡಕ್ಕೂ ಬೇರೆ ಬೇರೆ ಸೆಂಟರ್ ಆಗಿಬಿಡುತ್ತದೆ.

ರೀಮರ್ ನಿಧಾನ ಓಡಬೇಕು, ಎಣ್ಣೆ ಧಾರಾಳ ಇರಬೇಕು. ಸ್ವಲ್ಪ ಕತ್ತರಿಸು, ಹೊರಗೆ ತೆಗೆ, ಚೂರು ಒರೆಸು, ಮತ್ತೆ ಒಳಗೆ. ಒಂದು ಚೂರು ರೀಮರಿನ ಹಲ್ಲಿಗೆ ಅಂಟಿದರೂ ಚೇಂಬರಿನ ಗೋಡೆಯಲ್ಲಿ ಸುತ್ತಲೂ ಗೀರು ಬೀಳುತ್ತದೆ.

ಕೊನೆಗೆ ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿನ ಮುಖದಿಂದ ಚೇಂಬರಿನ ಭುಜದವರೆಗಿನ ಅಂತರ. .308ರ ಗೋ ಗೇಜ್ 1.630 ಇಂಚು, ನೋಗೋ 1.634. ಗೋ ಹಾಕಿದಾಗ ಬೋಲ್ಟ್ ಮುಚ್ಚಬೇಕು, ನೋಗೋ ಹಾಕಿದಾಗ ಮುಚ್ಚಬಾರದು. ಎಕ್ಸ್‌ಟ್ರ್ಯಾಕ್ಟರ್, ಇಜೆಕ್ಟರ್ ಬಿಚ್ಚಿಟ್ಟೇ ನೋಡಬೇಕು, ಇಲ್ಲದಿದ್ದರೆ ಸ್ಪ್ರಿಂಗಿನ ಒತ್ತಡ ಕೈಗೆ ಸುಳ್ಳು ಹೇಳುತ್ತದೆ. ಸ್ಯಾವೇಜ್‌ನಲ್ಲಿ ನಟ್ ಇರುವುದರಿಂದ ಹೊಂದಿಸುವುದು ಸುಲಭ ಅನ್ನುತ್ತಾರೆ, ನಿಜ ಕೂಡ. ಆದರೆ ಇಂಚಿಗೆ 20 ಥ್ರೆಡ್ ಅಂದರೆ ಒಂದು ಸುತ್ತಿಗೆ 50 ಥೌ. ಗೋ, ನೋಗೋ ನಡುವೆ ಇರುವುದು ನಾಲ್ಕೇ ಥೌ, ಅಂದರೆ ಒಂದು ಸುತ್ತಿನ ಹನ್ನೆರಡನೇ ಒಂದು ಪಾಲೂ ಇಲ್ಲ. ನಟ್ ಬಿಗಿ ಮಾಡುವಾಗ ಥ್ರೆಡ್ಡಿನ ಸಡಿಲ ಎಳೆದುಕೊಂಡು ಬ್ಯಾರಲ್ ಚೂರು ಮುಂದೆ ಬರುತ್ತದೆ. ಬಿಗಿ ಮಾಡಿದ ಮೇಲೆ ಎರಡೂ ಗೇಜ್ ಮತ್ತೊಮ್ಮೆ ಹಾಕದೆ ರೈಫಲ್ ನಮ್ಮ ಬೆಂಚು ಬಿಟ್ಟು ಹೋಗುವುದಿಲ್ಲ. ಮೊದಲ ತೋಟಾಗಳನ್ನೂ ನಾವೇ ಹಾರಿಸಿ, ಖಾಲಿ ಹಿತ್ತಾಳೆಯನ್ನು ಅಳೆದು ನೋಡುತ್ತೇವೆ. ತೋಟಾ ಬದಲಾಗಿದ್ದರೆ ಬ್ಯಾರಲ್ ಮೇಲಿನ ಹಳೇ ಹೆಸರು ಹೊಡೆದು ಹಾಕಿ ಹೊಸದನ್ನು ಒತ್ತುವುದೂ ಕೆಲಸದ ಭಾಗ. ಮುಂದೆ ಆ ರೈಫಲ್ ಯಾರ ಕೈಗೆ ಹೋಗುತ್ತದೋ, ಅವರು ನಂಬುವುದು ಅಲ್ಲಿ ಬರೆದಿರುವುದನ್ನೇ.

ಊರಿಂದ, ಅದರಲ್ಲೂ ಕೊಡಗಿನ ಕಡೆಯಿಂದ, ಇದನ್ನು ಅಲ್ಲೂ ಮಾಡಬಹುದಾ ಅಂತ ಕೇಳುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಕೋವಿ ರಿಪೇರಿ ಮಾಡುವ, ಬದಲಾಯಿಸುವ ಕೆಲಸಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಇಲ್ಲಿ ನಮ್ಮ ಅಂಗಡಿಯೂ ಫೆಡರಲ್ ಲೈಸೆನ್ಸ್ ಇಟ್ಟುಕೊಂಡೇ ನಡೆಯುತ್ತಿದೆ. ಮನೆಯ ಹಳೇ ಕೋವಿಯ ಬ್ಯಾರಲ್ ಬಗ್ಗೆ ಅನುಮಾನ ಇದ್ದರೆ ಲೈಸೆನ್ಸ್ ಇರುವವರ ಹತ್ತಿರವೇ ತೋರಿಸಿ, ಪಕ್ಕದ ವರ್ಕ್‌ಶಾಪಿನ ಲೇತ್‌ಗೆ ಕೊಡಬೇಡಿ.