ಒಂದು ಹಿಡಿ ಜೋಳ

ಇವತ್ತು ಬೆಟಗೇರಿಯ ಚರ್ಚಿನಲ್ಲಿ ಪಾಸ್ಟರ್ ಪ್ರಸಂಗಪೀಠ ಹತ್ತಲೇ ಇಲ್ಲ. ಒಂದು ಹಿಡಿ ಬಿಳಿಜೋಳ ಹಿಡಿದು ಬೆಂಚುಗಳ ನಡುವೆ ಬಂದು ನಿಂತರು.

ಬೈಬಲಿನ ಮತ್ತಾಯ 13, ಬಿತ್ತುವವನ ಸಾಮ್ಯ: ದಾರಿ, ಕಲ್ಲುನೆಲ, ಮುಳ್ಳು, ಒಳ್ಳೆಯ ನೆಲದಲ್ಲಿ ಬಿದ್ದ ಬೀಜಗಳ ಕಥೆ. ಚಿಕ್ಕಂದಿನಿಂದ ಎಷ್ಟು ಸಲ ಕೇಳಿದ್ದೇನೋ.

ಮುಂದೆ ಕೂತಿದ್ದ ಅಜ್ಜನ ಅಂಗೈಗೆ ಜೋಳ ಸುರಿದು, "ಇದು ಯಾವಾಗ ಹುಟ್ಟೂದಿಲ್ಲ, ಹೇಳ್ರಿ" ಅಂದರು. ಅಜ್ಜ ಕಾಳನ್ನು ಬೆರಳಲ್ಲಿ ಉಜ್ಜಿ ನೋಡಿದರು. ಇನ್ನೊಮ್ಮೆ ಉಜ್ಜಿದರು. ಆಮೇಲೆ ನಿಧಾನಕ್ಕೆ, "ಹಸಿ ಆರಿದ ಮ್ಯಾಲೆ ಬಿತ್ತಿದ್ರ ಎರಿ ಹೊಲದಾಗೂ ಹುಟ್ಟಂಗಿಲ್ರಿ. ಕಾಳಿಂದೇನೂ ತಪ್ಪಿಲ್ಲ" ಅಂದರು.

ಹಿಂದಿನ ಸಾಲಿನ ಹುಡುಗರು ಮೊಬೈಲ್ ಬಿಟ್ಟು ಕತ್ತು ಚಾಚಿ ನೋಡುತ್ತಿದ್ದರು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ನಾನು ಕಂಡ ಹಾಗೆ ಇಲ್ಲಿ ಒಬ್ಬರು ಮೇಲೆ ನಿಂತು ಹೇಳುತ್ತಾರೆ, ನಾವು ಸುಮ್ನೆ ಕೇಳುತ್ತೇವೆ. ಆದರೆ ಯೇಸು ಈ ಕಥೆ ಹೇಳಿದ್ದು ದೋಣಿಯಲ್ಲಿ ಕೂತು. ಜನ ದಡದಲ್ಲಿ ನಿಂತಿದ್ದರು. ಕಥೆ ಮುಗಿದ ಮೇಲೆ ಶಿಷ್ಯರು ಹತ್ತಿರ ಬಂದು ಪ್ರಶ್ನೆ ಕೇಳಿದರು. ನಮಗೂ ಕೇಳೋಕೆ ಜಾಗ ಬೇಕು ಅಲ್ವಾ?

ಆರಾಧನೆ ಮುಗಿದು ಹೊರಗೆ ಬಂದಾಗ ಅಜ್ಜ ಆ ಜೋಳವನ್ನು ಕರವಸ್ತ್ರದಲ್ಲಿ ಗಂಟು ಕಟ್ಟುತ್ತಿದ್ದರು. ಸುತ್ತ ನಾಲ್ಕೈದು ಹುಡುಗರು ನಿಂತು ಏನೋ ಕೇಳುತ್ತಿದ್ದರು.