ನೂರು ಕಿಲೋಮೀಟರಿನ ನಡುವೆ ಮಟ್ಟು

ಸವಾರಿ ದಾಖಲಿಸುವ ಆ್ಯಪ್ ಸ್ಟ್ರಾವಾದ ಗ್ರಾನ್ ಫಾಂಡೋ ಸವಾಲಿನ ಷರತ್ತು ಇಷ್ಟೇ: ಆ ತಿಂಗಳೊಳಗೆ ಒಂದೇ ಸವಾರಿಯಲ್ಲಿ 100 ಕಿಲೋಮೀಟರ್ ಸೈಕಲ್ ತುಳಿಯಬೇಕು. ನಡುವೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಆದರೆ ರೆಕಾರ್ಡಿಂಗ್ ಮುಗಿಸಿ ಹೊಸದು ಶುರು ಮಾಡಿದರೆ ಎರಡನ್ನೂ ಕೂಡಿಸುವುದಿಲ್ಲ. ಮಂಗಳೂರಿನವರು ಉಡುಪಿಗೆ ಹೋಗಿ ಬಂದರೆ ಲೆಕ್ಕ ಚುಕ್ತಾ. ಜನವರಿಯಲ್ಲಿ ಗಾಳಿಯೂ ನಮ್ಮ ಪರ. ಬೆಳಿಗ್ಗೆ ಬಡಗು ದಿಕ್ಕಿಗೆ ಹೋಗುವಾಗ ಅದರ ಕಾಟವಿಲ್ಲ, ಮಧ್ಯಾಹ್ನ ವಾಯವ್ಯದಿಂದ ಏಳುವ ಕಡಲಗಾಳಿ ತೆಂಕಿಗೆ ಮರಳುವವರ ಬೆನ್ನು ತಳ್ಳುತ್ತದೆ.

ಕೂಳೂರು, ಸುರತ್ಕಲ್, ಮೂಲ್ಕಿ, ಪಡುಬಿದ್ರಿ. ಹೆದ್ದಾರಿ 66ರಲ್ಲಿ ನೋಡುವುದು ಕಡಿಮೆ, ಜಾಗ್ರತೆ ಹೆಚ್ಚು. ಕಾಪು ದಾಟಿದ ಮೇಲೆ ಮುಂದೊಂದು ಮೀನಿನ ಲಾರಿ ದಾರಿಯುದ್ದಕ್ಕೂ ನೀರು ಸುರಿಸುತ್ತ ಹೋಯಿತು. ನನ್ನ ಹಿಂದಿನ ಚಕ್ರ ಜಾರಿ ಮೊಣಕೈ ತರಚಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಮೀನಿನ ನೀರು ಬರೀ ನೀರಲ್ಲ, ಜಿಡ್ಡು. ಒದ್ದೆ ಪಟ್ಟಿ ಕಂಡರೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನೇರವಾಗಿ ಉರುಳಿಕೊಂಡು ದಾಟಿ. ಆ ಲಾರಿಗಳಿಗೆ ನೀರು ಹಿಡಿಯುವ ಟ್ಯಾಂಕ್ ಇಡಲೇಬೇಕು.

ಹೆದ್ದಾರಿಯೇ ಬೇಡವೆನಿಸಿ ಕಟಪಾಡಿಯಲ್ಲಿ ಮಟ್ಟು ಎಂಬ ಊರಿನ ಕಡೆ ತಿರುಗಿದೆ. ರಸ್ತೆಯ ಬದಿಯಲ್ಲೇ ಗುಳ್ಳದ ಗದ್ದೆಗಳು, ತಿಳಿಹಸಿರು ಬಣ್ಣದ ದುಂಡು ಬದನೆ, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜರು ಕೊಟ್ಟ ಬೀಜವೆಂಬುದು ಊರವರ ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಕೊಯ್ಯುತ್ತಿದ್ದ ಹಿರಿಯ ಅಮ್ಮ ಒಬ್ಬರು ನನ್ನ ಮೊಣಕೈ ನೋಡಿ ಕರೆದರು. ಕೊಡದ ನೀರು ಹಾಕಿ ತೊಳೆಸಿದರು.

"ಎಲ್ಲಿಂದ ಮಗಾ?"

"ಮಂಗಳೂರಿಂದ ಅಮ್ಮ. ಇವತ್ತು ನೂರು ಕಿಲೋಮೀಟರ್ ಆಗ್ಬೇಕು."

ಯಾಕೆ ಎಂದು ಕೇಳುತ್ತಾರೆಂದುಕೊಂಡೆ. ಅವರು ಕೇಳಿದ್ದು ಬೇರೆ. "ಇದಕ್ಕೆ ಕ್ಯಾರಿಯರ್ ಇಲ್ವಾ? ಸಾಮಾನು ಎಲ್ಲಿ ಕಟ್ಟುದು?"

ಅವರ ಯಜಮಾನರು ಗೋಣಿ ತುಂಬ ಗುಳ್ಳ ಕಟ್ಟಿಕೊಂಡು ಬೆಳಕು ಹರಿಯುವ ಮೊದಲೇ ಉಡುಪಿ ಪೇಟೆಗೆ ಸೈಕಲ್ ತುಳಿಯುತ್ತಿದ್ದರಂತೆ. ವ್ಯಾಪಾರ ಮುಗಿಸಿ ಬಂದು ಮತ್ತೆ ಗದ್ದೆಗೆ ಇಳಿಯುವುದು. "ಅವರಿಗೆ ಗಾಳಿ ಬಂದ್ರೆ ಆಗ್ತಿರ್ಲಿಲ್ಲ. ಗೋಣಿ ಒಂದು ಬದಿಗೆ ಎಳೀತದೆ ಅಂತ ಬೈತಿದ್ರು." ಗೋಣಿ ಜಾರದಂತೆ ಟ್ಯೂಬಿನ ರಬ್ಬರ್ ಹೇಗೆ ಸುತ್ತಬೇಕು, ಸೇತುವೆ ಏರುವಾಗ ಎಲ್ಲಿ ಇಳಿದು ತಳ್ಳಬೇಕು, ಎಲ್ಲ ಕೈಮಾಡಿ ತೋರಿಸಿದರು. ನನ್ನ ಗೇರುಗಳನ್ನು ಎಣಿಸಿ, "ಇದು ಅವರಿಗೆ ಇದ್ದಿದ್ರೆ" ಎಂದಷ್ಟೇ ಹೇಳಿ ಬುಟ್ಟಿಗೆ ಕೈಹಾಕಿದರು. ದುಡ್ಡು ಮುಟ್ಟಲಿಲ್ಲ. ಜೆರ್ಸಿಯ ಬೆನ್ನ ಜೇಬುಗಳಿಗೆ ತಾವೇ ಗುಳ್ಳ ತುರುಕಿದರು.

ಸೇತುವೆ ದಾಟಿದ ಮೇಲೆ ಪಡುಕೆರೆಯವರೆಗಿನ ದಾರಿಯಷ್ಟು ಚಂದದ್ದು ಈ ಕರಾವಳಿಯಲ್ಲಿ ನಾನು ತುಳಿದದ್ದಿಲ್ಲ. ಎಡಕ್ಕೆ ಸಮುದ್ರ, ಬಲಕ್ಕೆ ಉದ್ಯಾವರ ಹೊಳೆ, ನಡುವೆ ತೆಂಗು, ಮನೆ, ಒಣಗಲು ಹರಡಿದ ಬಲೆ. ಮಲ್ಪೆಯ ಗದ್ದಲ ನನಗೆ ಹಿಡಿಸುವುದಿಲ್ಲ, ನಿಲ್ಲಲಿಲ್ಲ. ಉಡುಪಿಯಲ್ಲಿ ಬನ್ಸ್ ತಿಂದೆ. ಮಂಗಳೂರಿನವನಾದರೂ ಒಪ್ಪುತ್ತೇನೆ, ಬಾಳೆಹಣ್ಣು ಧಾರಾಳ ಹಾಕುವುದು ಅವರೇ.

ಸುರತ್ಕಲ್ ಸಮೀಪಿಸುವಾಗ 100 ದಾಟಿತು. ಬ್ಯಾಡ್ಜ್ ಬಂತು, ಖುಷಿಯಾಯಿತು. ಮನೆಯಲ್ಲಿ ರಾತ್ರಿಗೆ ಗುಳ್ಳದ ಬೋಳು ಹುಳಿ. ಬೆಳಿಗ್ಗೆ ಸೈಕಲ್ ಅಂಗಡಿಗೆ ಹೋಗಿ ಈ ಚೌಕಟ್ಟಿಗೆ ಹಿಡಿಯುವ ಕ್ಯಾರಿಯರ್ ತರಿಸಲು ಹೇಳಿದೆ. ಫೆಬ್ರವರಿಯ ಸವಾಲಿಗೂ ದಾರಿ ಇದೇ, ಗುಳ್ಳವನ್ನು ಈ ಸಲ ದುಡ್ಡು ಕೊಟ್ಟೇ ತರಬೇಕು.